ಯಾವ ದೆವ್ವಕ್ಕೆ ಬಣ್ಣ ಹಚ್ಚಬೇಕು?

ಕೈಯಲ್ಲಿ ಮೊಬೈಲು ಹಿಡಿದ ನಮ್ಮ ತರುಣರು ಕಿರುಚಿತ್ರ ತೆಗೆಯುತ್ತಿದ್ದಾರೆ, ಸಂತೋಷ. ಆದರೆ ದೆವ್ವವೆಂದೊಡನೆ ತಲೆಗೂದಲು ಬಿಚ್ಚಿದ ಹೆಂಗಸೇ ಏಕೆ ಬರಬೇಕು? ದಿಕ್ಕಿಲ್ಲದ ಮುದುಕಿಯನ್ನು ಮಾಟಗಾತಿಯೆಂದು ಬಡಿಯುವ ದೇಶವಿದು. ವಾಮಾಚಾರ ತಡೆಯಲು ನಮ್ಮ ರಾಜ್ಯ 2017ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಕಾಯಿದೆ ಕೀಳಹೊರಟ ಕಳೆಯನ್ನು ಚಿತ್ರ ಮತ್ತೆ ಬಿತ್ತಬಾರದು.

ಹಾಗೆಂದು ದೆವ್ವವನ್ನೇ ಬಿಡಬೇಕೆಂದಲ್ಲ. ಆಯ್ಕೆಯಲ್ಲಿ ವಿವೇಕ ಬೇಕು. ಸತ್ಯಜಿತ್ ರಾಯ್ 1969ರಲ್ಲಿ 'ಗೂಪಿ ಗೈನ್ ಬಾಘಾ ಬೈನ್' ಚಿತ್ರಕ್ಕೆ ಭೂತರಾಜನನ್ನು ತಂದರು. ಅವನ ವರ ಪಡೆದ ಇಬ್ಬರು ಬಡವರು, ಒಬ್ಬ ಹಾಡುಗಾರ, ಒಬ್ಬ ಡೋಲುಗಾರ, ಹಸಿದ ಸೈನಿಕರಿಗೆ ಆಕಾಶದಿಂದ ಮಿಠಾಯಿ ಇಳಿಸಿ ಯುದ್ಧವನ್ನೇ ನಿಲ್ಲಿಸುತ್ತಾರೆ!

ನಮ್ಮಲ್ಲೇ 'ನಾಳೆ ಬಾ' ಕಥೆಯಿದೆ. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವ, ಬಾಗಿಲ ಮೇಲಿನ ಈ ಬರಹ ಓದಿ ಹಿಂದಿರುಗುತ್ತದೆ; ಮರುದಿನವೂ ಅದನ್ನೇ ಓದುತ್ತದೆ. ಇಂಥದೇ ಗೋಡೆಬರಹ 2018ರ ಹಿಂದಿ ಚಿತ್ರ 'ಸ್ತ್ರೀ'ಯಲ್ಲೂ ಬಂತು. ಆದರೆ ಈ ಮಾತಿನ ಒಳಗುಟ್ಟು ಬಲ್ಲವರು ನಾವು. ಬಾಕಿ ಕೂಲಿ ಕೇಳಿದ ಗಿರಣಿ ಕಾರ್ಮಿಕನಿಗೆ ಧಣಿ ಹೇಳುವುದೇನು? ಲೈಸೆನ್ಸಿಗೆ ಅಲೆಯುವ ಚಿಲ್ಲರೆ ವ್ಯಾಪಾರಿಗೆ ಗುಮಾಸ್ತ ಹೇಳುವುದೇನು? 'ನಾಳೆ ಬಾ!' ಅಷ್ಟೇಕೆ, 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ನಮ್ಮ ಅಂಗಡಿಗಳಲ್ಲೇ ಇಲ್ಲವೇ?

ಪಾಪ, ಆ ದೆವ್ವಕ್ಕೆ ಓದು ಬರುತ್ತದೆ, ಲೆಕ್ಕ ಬರುವುದಿಲ್ಲ. ಬರೆದಿಟ್ಟ 'ನಾಳೆ' ಎಂದೂ ಬಾರದೆಂಬುದನ್ನು ದುಡಿಯುವ ಜನ ಬಲ್ಲರು. ತರುಣರೇ, ಆ ಚಿತ್ರ ತೆಗೆಯಿರಿ. ಕೊನೆಯ ದೃಶ್ಯದಲ್ಲಿ ದೆವ್ವವೇ ಧಣಿಯ ಬಾಗಿಲ ಬರಹ ಅಳಿಸಿ, 'ಇಂದೇ ಕೊಡು' ಎಂದು ಬರೆಯಲಿ.