ಗುರುತಿಲ್ಲಾ ಅಂದ್ರ ಕಳ್ಳನ?

ನಮ್ಮ ಭಿಶಿ ನಿಮಗೆಲ್ಲಾ ಗೊತ್ತಿದ್ದದ್ದ. 12 ಮಂದಿ, ತಿಂಗಳಿಗೆ 1,000 ರೂಪಾಯಿ, ಚೀಟಿ ಎತ್ತೋದು, ಆಮ್ಯಾಲೆ ಚಹಾ-ಚೂಡಾ. ಲೆಕ್ಕಾ ಬರಿಯೋ ಕೆಲಸ ನಂದು. ನನ್ನ ಹರಕು ವಹಿ ನೋಡಿ ನಮ್ಮ ಅಕ್ಕನ ಮಗಾ, "ಮೌಶಿ, ನಾ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಕೊಡ್ತೇನಿ ತಡಿ" ಅಂದಾ. ಎರಡು ತಿಂಗಳು ರಾತ್ರಿ ಕೂತು ಮಾಡಿದಾ. ಯಾರು ಕೊಟ್ಟಾರ, ಯಾರದು ಬಾಕಿ ಅದ, ಯಾರ ಚೀಟಿ ಎದ್ದದ, ಎಲ್ಲಾ ಕನ್ನಡದಾಗ. ರೊಕ್ಕಾ ಕೊಡಲಿಕ್ಕೆ ಹೋದ್ರ ಬ್ಯಾಡಂದು ಒಂದು ಡಬ್ಬಿ ಬೇಸನ್ ಉಂಡಿ ತೊಗೊಂಡು ಹೋದಾ.

ಬಾಜೂ ಮನಿ ವೈನ್ಯಾರು ತಮ್ಮ ಓಣಿ ಭಿಶಿಗೂ ಬೇಕಂತ ಅದನ್ನ ಡೌನ್‌ಲೋಡ್ ಮಾಡಿದ್ರು. ಮುಗಿಯೋದ ತಡಾ, ಆಂಟಿವೈರಸ್ ಕೆಂಪು ಅಕ್ಷರದಾಗ "ಅಪಾಯ" ಅಂತ ತೋರಿಸಿ ಫೈಲ್ ತಗದ ಬಿಡ್ತು. ವೈನ್ಯಾರು ಗಾಬರಿಯಾಗಿ ಫೋನ್ ಮಾಡಿದ್ರು: "ನಿಮ್ಮ ಹುಡುಗ ಏನು ಕೊಟ್ಟಾನ್ರಿ? ನನ್ನ ಬ್ಯಾಂಕಿಂದೆಲ್ಲಾ ಇದರಾಗ ಅದ!" ಸಂಜಿ ಒಳಗ ಓಣಿ ತುಂಬ ಸುದ್ದಿ. ಅಕ್ಕ ಅತ್ತಳು. ಹುಡುಗ ಎರಡು ದಿನ ಯಾರ ಜೋಡಿನೂ ಮಾತಾಡಲಿಲ್ಲ.

ವೈನ್ಯಾರದು ತಪ್ಪಂತ ನಾ ಅನ್ನಂಗಿಲ್ಲ. ಪರದೆ ಮ್ಯಾಲೆ ಹಂಗ ಬಂದ್ರ ಯಾರಿಗರ ಎದಿ ಧಸಕ್ ಅಂತದ. ಆದ್ರ ಹುಡುಗ ಆಮ್ಯಾಲೆ ತಿಳಿಸಿ ಹೇಳಿದಾಗ ನನಗ ಸಿಟ್ಟು ಬಂತು. ಅಂವಾ ಪ್ರೋಗ್ರಾಮನ್ನ ಪೈಥಾನ್‌ದಾಗ ಬರದು, ಪೈಇನ್‌ಸ್ಟಾಲರ್ ಅನ್ನೋದರಿಂದ ಗಂಟು ಕಟ್ಟಿ ಕೊಟ್ಟಿದ್ದಾ. ವೈರಸ್ ಮಾಡೋ ಮಂದಿನೂ ಒಮ್ಮೊಮ್ಮೆ ಅದರಾಗ ಗಂಟು ಕಟ್ತಾರಂತ. ಒಂದ ಅಂಗಡಿ ಚೀಲ ಕಳ್ಳನ ಕೈಯಾಗೂ ಇತ್ತು, ನನ್ನ ಕೈಯಾಗೂ ಅದ ಅಂತ ನನ್ನ ಹಿಡದಂಗಾತು ಇದು. ಎರಡನೇದ್ದು, ಇದನ್ನ ಇಳಿಸಿಕೊಂಡವರು ಭಾಳ ಕಡಿಮಿ ಅಂತ ಸಂಶಯ. ಹೊಸಾದು ಯಾವುದಿದ್ರೂ ಮೊದಲ ಕಡಿಮಿ ಮಂದಿ ಕಡೆನ ಇರತದಲ್ಲಾ! ತಾ ಯಾರಂತ ತೋರಿಸಲಿಕ್ಕೆ ಡಿಜಿಟಲ್ ಸಹಿ ಸರ್ಟಿಫಿಕೇಟ್ ಇರತಾವ, ಆದ್ರ ಅದಕ್ಕ ಸಾವಿರಗಟ್ಟಲೆ ಖರ್ಚು, ಅವಧಿ ಮುಗಿದಂಗ ಮತ್ತ ತೊಗೋಬೇಕು. ಉಂಡಿ ತೊಗೊಂಡು ಕೆಲಸಾ ಮಾಡೋ ಹುಡುಗ ಎಲ್ಲಿಂದ ತರಬೇಕು?

ತಪ್ಪು ದೊಡ್ಡವರ ವಿಷಯದಾಗೂ ಆಗ್ಯಾವ. 2010ರ ಏಪ್ರಿಲ್ 21ಕ್ಕ ಮೆಕಾಫಿ ಅಪ್‌ಡೇಟ್ ಒಂದು ವಿಂಡೋಸ್ ಎಕ್ಸ್‌ಪಿ ಒಳಗಿನ ಮುಖ್ಯ ಫೈಲನ್ನ ವೈರಸ್ ಅಂತ ತಿಳದು ಎಷ್ಟೋ ಕಂಪ್ಯೂಟರ್ ಕೆಡಿಸಿತ್ತು. 2012ರ ಸೆಪ್ಟೆಂಬರ್‌ದಾಗ ಸೋಫೋಸ್ ತನ್ನ ಅಪ್‌ಡೇಟರ್‌ನ ತಾನ ವೈರಸ್ ಅಂದಿತ್ತು. ಅವೆಲ್ಲಾ ಜಗತ್ತಿಗೆಲ್ಲಾ ಸುದ್ದಿ ಆದೂ, ಕಂಪನಿಯವರು ಓಡಿಬಂದು ಸರಿಮಾಡಿದ್ರು. ನಮ್ಮ ಹುಡುಗನ ಸಲುವಾಗಿ ಯಾರು ಓಡಿ ಬರತಾರ?

ಭಿಶಿಗೆ ಹೊಸಬ್ರು ಬಂದ್ರ ನಾವು ಏನು ಮಾಡ್ತೇವಿ? ಗೊತ್ತಿದ್ದವರ ಕಡೆ ವಿಚಾರಸ್ತೇವಿ, ನಾಕು ತಿಂಗಳು ನೋಡ್ತೇವಿ. ಗುರುತಿಲ್ಲಾ ಅಂತ ಹೊಸ್ತಿಲದಾಗ ನಿಂದ್ರಿಸಿ "ಕಳ್ಳಿ" ಅಂತ ಒದರತೇವೇನು? ಆಂಟಿವೈರಸ್‌ಗೂ ನಾ ಕೇಳೋದು ಇಷ್ಟ: ಖರೇನ ವೈರಸ್ ಸಿಕ್ಕಾಗ "ವೈರಸ್" ಅನ್ನಲಿ. ಗೊತ್ತಿಲ್ಲದ್ದಕ್ಕ "ನನಗ ಇದರ ಗುರುತಿಲ್ಲಾ, ವಿಚಾರಿಸಿ ಹಾಕ್ಕೊಳ್ರಿ" ಅನ್ನಲಿ. ಇಲ್ಲಾಂದ್ರ ಸಣ್ಣವರ ಹೆಸರೂ ಕೆಡತದ, ನಮಗೂ "ತೋಳ ಬಂತು ತೋಳ" ಕೇಳಿ ಕೇಳಿ ರೂಢಿಯಾಗಿ, ಖರೇ ತೋಳ ಬಂದಾಗ "ಅಲೋ" ಒತ್ತೋ ಚಟಾ ಹತ್ತತದ.

ಅದಕ್ಕ ಇದನ್ನ ಓದಿ ಆಂಟಿವೈರಸ್ ಬಂದ್ ಮಾಡಬ್ಯಾಡ್ರಿ. ವಾಟ್ಸಾಪಿನಾಗ ಮದುವಿ ಪತ್ರಿಕಿ ಅಂತ ಬರೋ ಎಪಿಕೆ ಫೈಲ್ ಮುಟ್ಟಲೇಬ್ಯಾಡ್ರಿ. ಆದ್ರ ಗೊತ್ತಿದ್ದವರು ಮಾಡಿದ್ದಕ್ಕ ಹಿಂಗಾದ್ರ ಮೊದಲ ಅವರಿಗೆ ಫೋನ್ ಮಾಡ್ರಿ, ಗ್ರೂಪಿಗೆ ಆಮ್ಯಾಲೆ. ವೈರಸ್‌ಟೋಟಲ್ ಅನ್ನೋ ತಾಣದಾಗ ಆ ಪ್ರೋಗ್ರಾಮ್ ಫೈಲ್ ಹಾಕಿದ್ರ ಹತ್ತಾರು ಆಂಟಿವೈರಸ್‌ಗೋಳು ಏನಂತಾವ ನೋಡಬಹುದು. ಒಂದೆರಡ ಬೈದು ಉಳಿದಾವು ಸುಮ್ಮನಿದ್ರ ತಪ್ಪು ತಿಳದಿರಬಹುದು. ಆದ್ರೂ ಖಾತ್ರಿ ಅಲ್ಲಾ, ವಿಚಾರಿಸ್ರಿ. ಭಾಳ ಬೈದ್ರ ಅಳಿಸಿಬಿಡ್ರಿ. ನಿಮ್ಮ ಲೆಕ್ಕದ ಫೈಲ್ ಮಾತ್ರ ಅಲ್ಲೆ ಹಾಕಬ್ಯಾಡ್ರಿ, ಬ್ಯಾರೆಯವರಿಗೂ ಸಿಗತದ.

ಹುಡುಗ ಆ ಕಂಪನಿಗೆ "ಇದು ವೈರಸ್ ಅಲ್ಲಾ" ಅಂತ ಅರ್ಜಿ ಹಾಕಿದಾ. ಒಂದು ವಾರಕ್ಕ ಬಿಟ್ರು. ಸ್ವಲ್ಪ ತಿದ್ದಿ ಹೊಸಾದು ಕೊಟ್ಟಾಗ ಮತ್ತ ಕೆಂಪು! ಫೈಲ್ ಬದಲಾದ್ರ ಅದಕ್ಕ ಮತ್ತ ಹೊಸಾದ ಅಂತ. ಮತ್ತ ಅರ್ಜಿ ಹಾಕ್ಯಾನ.

ಮುಂದಿನ ಭಿಶಿ ನಮ್ಮ ಮನ್ಯಾಗ ಅದ. ವೈನ್ಯಾರೂ ಬರತೇನಿ ಅಂದಾರ, ಹುಡುಗನ್ನೂ ಕರದೇನಿ. ಕಂಪನಿ ಅಂತೂ ಅವನ ಮುಂದ "ತಪ್ಪಾತಪಾ" ಅನ್ನಂಗಿಲ್ಲಾ. ನಾವರ ಅನ್ನೋಣ.