ದರ ಏರಿಸಿದವಳ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಮನೆಯ ಒಂದು ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುವ ಸಹೋದರಿಯರು ದರ ಏರಿಸಿದೊಡನೆ ಗೊಣಗಾಟ ಏಳುತ್ತದೆ. ಹಾಲ್‌ ಬಾಡಿಗೆಗೂ ಬಿರಿಯಾನಿಗೂ ಕೇಳಿದಷ್ಟು ತೆರುವವರು ಮದುವಣಗಿತ್ತಿಯ ಮೆಹಂದಿಗೆ ನೂರು ರೂಪಾಯಿ ಚೌಕಾಶಿ ಮಾಡುತ್ತಾರೆ! 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆಯಲ್ಲ ಎಂಬುದು ವಾದ. ಆದರೆ ವಾರ್ಷಿಕ ವಹಿವಾಟು 20 ಲಕ್ಷ ಮೀರದ ಇವರು ಸಾಮಾನ್ಯವಾಗಿ ನೋಂದಾಯಿತರೇ ಅಲ್ಲ. ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ; ಕ್ರೀಮು ಖರೀದಿಸುವಾಗ ತೆತ್ತ ತೆರಿಗೆ ಮರಳುವುದೂ ಇಲ್ಲ. ಇಳಿಸಲು ಅವರ ದರದಲ್ಲಿ ಆ ತೆರಿಗೆ ಇತ್ತೆಲ್ಲಿ? 2023ರಲ್ಲಿ ಆರಂಭವಾದ ಗೃಹಜ್ಯೋತಿಯೂ ವಾಣಿಜ್ಯ ಸಂಪರ್ಕಕ್ಕಿಲ್ಲ.

ಏರಿಕೆಯನ್ನು ತಿಂಗಳ ಮೊದಲೇ ತಿಳಿಸಲಿ, ಮುಂಗಡ ಪಡೆದ ಮದುವೆಗಳಿಗೆ ಹಳೆಯ ದರವನ್ನೇ ಉಳಿಸಲಿ ಎಂದಷ್ಟೇ ನಾವು ಅವರಲ್ಲಿ ಕೇಳುತ್ತೇವೆ. ಚೌಕಾಶಿ ಮಾಡಲೇಬೇಕೆಂದಿದ್ದರೆ ಅದನ್ನು ಹಾಲ್‌ನ ಮಾಲಕರೊಂದಿಗೆ ಮಾಡೋಣ.