ಎರಡು ಗೆಲುವು, ಎಂಟು ಸೋಲು

ಹತ್ತು ಪಂದ್ಯ ಆಡಿ ಎರಡನ್ನಷ್ಟೇ ಗೆದ್ದ ತಂಡವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್ ಎಂಬ ಊರು ಅಂಥ ಒಂದು ತಂಡವನ್ನು ಐವತ್ತು ವರ್ಷ ದಾಟಿದರೂ ಮರೆತಿಲ್ಲ. ಅದು ಮಾರ್ಷಲ್ ವಿಶ್ವವಿದ್ಯಾಲಯದ 1971ರ ಫುಟ್‌ಬಾಲ್ ತಂಡ. ಇದು ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ನರ ಆಟ. ಅಲ್ಲಿ ಕಾಲೇಜು ತಂಡದ ಪಂದ್ಯವೆಂದರೆ ಇಡೀ ಊರಿಗೇ ಹಬ್ಬ.

1970ರ ನವೆಂಬರ್ 14. ನಾವು ಮಕ್ಕಳ ದಿನಾಚರಣೆ ಮಾಡುವ ತಾರೀಖು. ಈಸ್ಟ್ ಕ್ಯಾರೊಲಿನಾ ತಂಡದ ಎದುರು 17–14ರಿಂದ ಸೋತ ಮಾರ್ಷಲ್ ಆಟಗಾರರು ಬಾಡಿಗೆ ವಿಮಾನದಲ್ಲಿ ಊರಿಗೆ ಮರಳುತ್ತಿದ್ದರು. ಇನ್ನೇನು ನಿಲ್ದಾಣ ತಲುಪಬೇಕು ಎನ್ನುವಾಗ ವಿಮಾನ ಗುಡ್ಡಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 75 ಜನರಲ್ಲಿ ಒಬ್ಬರೂ ಬದುಕಲಿಲ್ಲ. ಸತ್ತವರಲ್ಲಿ 37 ಮಂದಿ ಆಟಗಾರರು. ತರಬೇತುದಾರರು, ತಂಡದ ಜೊತೆ ಹೋಗಿದ್ದ ಊರಿನ ವೈದ್ಯರು, ಗಣ್ಯರೂ ಇದ್ದರು.

ಫುಟ್‌ಬಾಲನ್ನೇ ನಿಲ್ಲಿಸಿಬಿಡುವ ಮಾತು ಬಂತು. ವಿದ್ಯಾರ್ಥಿಗಳು ಒಪ್ಪಲಿಲ್ಲ. ಓಹಿಯೊದ ಚಿಕ್ಕ ಕಾಲೇಜೊಂದರಲ್ಲಿದ್ದ ಜಾಕ್ ಲೆಂಗ್ಯೆಲ್ ಹೊಸ ತರಬೇತುದಾರನಾಗಿ ಬಂದರು. ಅವರ ಕೈಯಲ್ಲಿದ್ದದ್ದು ಗಾಯವೋ ಮತ್ತೇನೋ ಕಾರಣಕ್ಕೆ ಆ ವಿಮಾನ ಹತ್ತದೆ ಉಳಿದ ಕೆಲವರು, ಮೊದಲ ವರ್ಷದ ಹುಡುಗರು ಮತ್ತು ಬೇರೆ ಆಟಗಳಿಂದ ಬಂದ ಒಂದಷ್ಟು ಮಂದಿ.

ಇಲ್ಲಿಯವರೆಗಿನದನ್ನು ಛಲದ ಕಥೆ ಎಂದು ಹೇಳಿ ಮುಗಿಸಬಹುದು. ಈ ವಿಷಯದ ಮೇಲೆ ಬಂದ ಹಾಲಿವುಡ್ ಸಿನಿಮಾವನ್ನೂ ಬಹಳ ಜನ ಹಾಗೆಯೇ ನೋಡಿದ್ದಾರೆ. ಆದರೆ ಈ ತಂಡ ಮೈದಾನಕ್ಕೆ ಇಳಿದದ್ದು ಬರೀ ಛಲದಿಂದಲ್ಲ. ಆಗಿನ ನಿಯಮದ ಪ್ರಕಾರ ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಮಾರ್ಷಲ್‌ಗಾಗಿ ಆ ನಿಯಮ ಸಡಿಲಿಸಿತು. ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯದ ತರಬೇತುದಾರ ಬಾಬಿ ಬೌಡನ್, ಲೆಂಗ್ಯೆಲ್ ಮತ್ತು ಅವರ ಸಹಾಯಕರನ್ನು ಕರೆಸಿಕೊಂಡು ತಮ್ಮ ತಂಡದ ಪಂದ್ಯಗಳ ಫಿಲ್ಮ್ ತೋರಿಸಿದರು, ಆಟದ ತಂತ್ರ ಹೇಳಿಕೊಟ್ಟರು. ನನಗೆ ಮುಖ್ಯ ಅನಿಸುವುದು ಇದೇ. ಎದ್ದು ನಿಲ್ಲುವ ಮನಸ್ಸು ಹುಡುಗರದ್ದು, ನಿಜ. ಆದರೆ ನಿಲ್ಲಲು ನೆಲ ಕೊಟ್ಟವರು ಬೇರೆಯವರು.

1971ರ ಮೊದಲ ಪಂದ್ಯದಲ್ಲಿ ತಂಡ 29–6ರಿಂದ ಸೋತಿತು. ಮುಂದಿನ ವಾರ ಸ್ವಂತ ಮೈದಾನದಲ್ಲಿ ಝೇವಿಯರ್ ವಿರುದ್ಧ 9–13ರಿಂದ ಹಿಂದಿದ್ದಾಗ, ಪಂದ್ಯದ ಕೊಟ್ಟಕೊನೆಯ ಎಸೆತದಲ್ಲಿ ರೆಜಿ ಆಲಿವರ್ ಕೊಟ್ಟ ಚೆಂಡನ್ನು ಟೆರ್ರಿ ಗಾರ್ಡ್ನರ್ ಗೆರೆ ದಾಟಿಸಿದರು. 15–13! ಸಿನಿಮಾ ಅಲ್ಲಿಗೆ ಏರಿ ನಿಲ್ಲುತ್ತದೆ. ಆದರೆ ಋತು ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಬೌಲಿಂಗ್ ಗ್ರೀನ್ ವಿರುದ್ಧ 12–10ರ ಒಂದು ಗೆಲುವು ಬಿಟ್ಟರೆ ಉಳಿದದ್ದೆಲ್ಲ ಸೋಲೇ. ಸೋಲಿಗಿಂತ ಗೆಲುವು ಹೆಚ್ಚಿರುವ ಒಂದು ವರ್ಷ ನೋಡಲು ಮಾರ್ಷಲ್ 1984ರವರೆಗೆ ಕಾಯಬೇಕಾಯಿತು. ತನ್ನ ವಿಭಾಗದ ರಾಷ್ಟ್ರೀಯ ಚಾಂಪಿಯನ್ ಆದದ್ದು 1992ರಲ್ಲಿ, ಮತ್ತೆ 1996ರಲ್ಲಿ.

ಅಂದರೆ 1971ರಲ್ಲಿ ಆಡಿದವರ ಕೈಗೆ ಆ ಕಪ್ ಸಿಗಲೇ ಇಲ್ಲ. ಅವರು ಆಡದಿದ್ದರೆ ಕಪ್ ಗೆಲ್ಲಲು ತಂಡವೇ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಸೋತವನು ಮರುವರ್ಷವೇ ರ‍್ಯಾಂಕ್ ಬಂದ, ದೊಡ್ಡ ಕೆಲಸ ಹಿಡಿದ ಎಂಬ ಕಥೆಗಳನ್ನು ನಾವು ದಿನವೂ ಕೇಳುತ್ತೇವೆ. ಮರುವರ್ಷವೂ ಸೋತವರು, ಆದರೂ ಕೆಲಸ ಮುಂದುವರಿಸಿದವರು ಆ ಕಥೆಗಳಲ್ಲಿ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಇರುವುದು ಆ ಸಾಲಿನಲ್ಲೇ.

ಈ ಋತುವಿನ ಬಗ್ಗೆ ಈಗ ಬರೆಯಲು ಕಾರಣವಿದೆ. ಅಪ್ಪ ತೀರಿಕೊಂಡರೆಂದೋ, ಅಮ್ಮನ ಚಿಕಿತ್ಸೆಗೆಂದೋ, ತನಗೇ ಕಾಯಿಲೆಯಾಯಿತೆಂದೋ ಒಂದು ವರ್ಷ ಓದು ನಿಲ್ಲಿಸಿದ ಹುಡುಗ, ಹುಡುಗಿಯರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಹಾಜರಾತಿ ಸಾಲದೆಂದು ಪರೀಕ್ಷೆಗೆ ಕೂರಲಾಗದವರೂ ಇದ್ದಾರೆ. ಇವರೆಲ್ಲ ಸಂದರ್ಶನಕ್ಕೆ ಹೋದಾಗ ಎದುರಾಗುವ ಪ್ರಶ್ನೆ ‘ಗ್ಯಾಪ್ ಯಾಕೆ?’ ಎಂಬುದು. ಪ್ರಶ್ನೆ ತಪ್ಪಲ್ಲ. ಉತ್ತರ ಕೇಳುವ ಮೊದಲೇ ಅರ್ಜಿಯನ್ನು ಪಕ್ಕಕ್ಕಿಡುವುದು ತಪ್ಪು. ನಿಯಮ ಸಡಿಲಿಸಿದರೆ ಎಲ್ಲರೂ ಅದನ್ನೇ ನೆಪ ಮಾಡಿಕೊಳ್ಳುತ್ತಾರೆ ಎಂಬ ವಾದವಿದೆ. ಅದಕ್ಕೇ ಕಾರಣವನ್ನು ವಿಚಾರಿಸಿ, ದಾಖಲೆ ನೋಡಿ ತೀರ್ಮಾನಿಸಲಿ. ಎನ್‌ಸಿಎಎ ಎಲ್ಲ ತಂಡಗಳಿಗೂ ಬಾಗಿಲು ತೆರೆಯಲಿಲ್ಲ. ಆದ ನಷ್ಟ ನೋಡಿ ಒಂದು ತಂಡಕ್ಕೆ ತೆರೆಯಿತು.

ನಾವೂ ಮಾಡಬಹುದಾದದ್ದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಗೆಳೆಯನೂ ಒಂದು ಲೆಕ್ಕದಲ್ಲಿ ಎದುರಾಳಿಯೇ. ಬೌಡನ್‌ಗೆ ಮಾರ್ಷಲ್ ಕೂಡ ಹಾಗೆಯೇ, ಒಂದೇ ರಾಜ್ಯದ ಇನ್ನೊಂದು ತಂಡ. ಆದರೂ ಅವರು ತಂತ್ರ ಬಚ್ಚಿಡಲಿಲ್ಲ. ಒಂದು ವರ್ಷ ತಪ್ಪಿಸಿಕೊಂಡು ಮರಳಿದ ಸಹಪಾಠಿಗೆ ನಮ್ಮ ನೋಟ್ಸ್ ಕೊಟ್ಟರೆ, ಗುಂಪಿನಲ್ಲಿ ಕೂರಿಸಿಕೊಂಡು ಓದಿದರೆ ನಮ್ಮ ಅಂಕವೇನೂ ಕಡಿಮೆಯಾಗುವುದಿಲ್ಲ.

ಮಾರ್ಷಲ್ ಕ್ಯಾಂಪಸ್ಸಿನಲ್ಲಿ ಸತ್ತವರ ನೆನಪಿಗೆ ಒಂದು ಕಾರಂಜಿಯಿದೆ. ಪ್ರತಿ ನವೆಂಬರ್ 14ರಂದು ಅದರ ನೀರು ನಿಲ್ಲಿಸುತ್ತಾರೆ. ಚಳಿಗಾಲವಿಡೀ ಅದು ಸುಮ್ಮನಿರುತ್ತದೆ, ವಸಂತದಲ್ಲಿ ಮತ್ತೆ ಚಿಮ್ಮುತ್ತದೆ. ನಿಂತ ಆ ತಿಂಗಳುಗಳಿಗೆ ಅಲ್ಲಿ ಯಾರೂ ಕಾರಂಜಿಯನ್ನು ದೂರುವುದಿಲ್ಲ. ನಡುವೆ ನಿಂತು ಮತ್ತೆ ಹೊರಟ ನಮ್ಮ ಹುಡುಗ, ಹುಡುಗಿಯರಿಗೂ ಕಾಲೇಜುಗಳು, ಕಂಪನಿಗಳು ಅಷ್ಟು ಸಮಯ ಕೊಡಲಿ.